ಆಸ್ಟ್ರೇಲಿಯಾದವಳು

ನನ್ನ ಅಕ್ಕ ನುನ್ಸಿಯಾಳಿಗೆ ಅವಳ ಊರಿನವರು ಇಟ್ಟ ಹೆಸರು ‘ಆಸ್ಟ್ರೇಲಿಯಾದವಳು’. ನಮ್ಮ ಮನೆಯವರಲ್ಲಿ ಆಸ್ಟ್ರೇಲಿಯಾವನ್ನು ಕಣ್ಣಿನಿಂದ ನೋಡದವಳು ಅವಳೊಬ್ಬಳೇ. ಅಪ್ಪ, ಅಮ್ಮ, ಅಣ್ಣ ಸಾವೇರಿಯೊ ಹಡಗು ಹತ್ತಿ ಮೆಲ್ಬರ್ನಿಗೆ ಬಂದರು. ನಾನು ಇಲ್ಲಿಯೇ ಕೋಬರ್ಗ್‌ನಲ್ಲಿ ಹುಟ್ಟಿದೆ. ಅವಳು ಮಾತ್ರ ಇಟಲಿಯ ದಕ್ಷಿಣದ ತುದಿಯಲ್ಲಿ, ಕಲಾಬ್ರಿಯಾ ಸೀಮೆಯ ಪಿಯೆತ್ರನೇರ ಎಂಬ ಬೆಟ್ಟದ ಹಳ್ಳಿಯಲ್ಲಿ, ಅಜ್ಜಿಯ ಜೊತೆ ಉಳಿದಳು. ಹೋಗಲಾಗದವಳಿಗೆ ಹೋಗಬೇಕಾಗಿದ್ದ ಊರಿನ ಹೆಸರನ್ನೇ ಇಟ್ಟು ಅರವತ್ತು ವರ್ಷ ಕರೆಯುವಷ್ಟು ನಾಲಿಗೆ ಆ ಹಳ್ಳಿಗಿದೆ.

ನಡೆದದ್ದು 1961ರಲ್ಲಿ. ಅಪ್ಪ ಐದು ವರ್ಷ ಮೊದಲೇ ಬಂದು ಇಲ್ಲಿನ ರೈಲು ಹಳಿ ರಿಪೇರಿಯ ಕೆಲಸಕ್ಕೆ ಸೇರಿದ್ದ. ಉಳಿದವರಿಗೆ ಟಿಕೆಟ್ ಕಳಿಸಿದ. ಅಜ್ಜಿ ನುನ್ಸಿಯಾಳಿಗೆ ಬೂದು ಉಣ್ಣೆಯ ಕೋಟು ಹೊಲಿದಳು. ಬೆಳೆಯುವ ಹುಡುಗಿ ಎಂದು ಅಂಚನ್ನು ನಾಲ್ಕು ಬೆರಳು ಒಳಗೆ ಮಡಚಿದಳು. ಮನೆಮನೆಗೆ ಹೋಗಿ ಹೇಳಿ ಬಂದರು. ಊರವರು ಒಣ ಅಂಜೂರ, ಬಾದಾಮಿ ಕೊಟ್ಟು, ಅಪ್ಪಿಕೊಂಡು ಅತ್ತು ಕಳಿಸಿದರು. ಮೆಸ್ಸಿನಾ ಬಂದರಿನಲ್ಲಿ, ಹಡಗು ಹೊರಡುವ ಹಿಂದಿನ ದಿನ, ಆಸ್ಟ್ರೇಲಿಯಾ ಕಡೆಯ ಡಾಕ್ಟರೊಬ್ಬ ಮಕ್ಕಳನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ನಡೆಸಿ ನೋಡಿದ. ನುನ್ಸಿಯಾಗೆ ಎಂಟು ವರ್ಷ. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತ್ತು. ನೆಟ್ಟಗೆ ನಡೆಯುವುದನ್ನು ಅಜ್ಜಿ ಎರಡು ತಿಂಗಳು ಕಣದಲ್ಲಿ ಅಭ್ಯಾಸ ಮಾಡಿಸಿದ್ದಳು. ಮಗು ಹಲ್ಲು ಕಚ್ಚಿಕೊಂಡು ನಡೆಯಿತು. ಡಾಕ್ಟರು ಏನೋ ಬರೆದುಕೊಂಡ. ಅವಳ ಕಾಗದಕ್ಕೆ ಮುದ್ರೆ ಬೀಳಲಿಲ್ಲ.

ಅಮ್ಮ ಹಡಗು ಹತ್ತಿದಳು. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಈವರೆಗೆ ಸಿಕ್ಕಿಲ್ಲ. ಐದು ವರ್ಷ ಗಂಡನ ಮುಖ ಕಂಡಿರಲಿಲ್ಲ, ಟಿಕೆಟ್ ಕೈಯಲ್ಲಿತ್ತು, ಸಾವೇರಿಯೊ ಅವಳ ಲಂಗ ಹಿಡಿದುಕೊಂಡಿದ್ದ, ಮುಂದಿನ ವರ್ಷ ಕರೆಸಿಕೊಂಡರಾಯಿತು ಎಂದು ಎಲ್ಲರೂ ಹೇಳಿದರು. ನುನ್ಸಿಯಾಳನ್ನು, ಬಂದರಿಗೆ ಬಿಡಲು ಬಂದಿದ್ದ ತಾತ ವಾಪಸು ಕರೆದುಕೊಂಡು ಹೋದ. ಬಸ್ಸಿನಿಂದ ಇಳಿದಾಗ ಮೈಮೇಲೆ ಅದೇ ಕೋಟು. ‘ಆಸ್ಟ್ರೇಲಿಯಾದವಳು ಬಂದ್ಲು, ಆಸ್ಟ್ರೇಲಿಯಾದವಳು ಬಂದ್ಲು’ ಎಂದು ಮಕ್ಕಳು ಹಿಂದೆ ಓಡಿದವಂತೆ.

ಅಂದಿನಿಂದ ಅಮ್ಮನದು ಒಂದೇ ಕಾನೂನು: ಮುದ್ರೆ ಬೀಳುವವರೆಗೆ ಬಾಯಿ ಬಿಡಬಾರದು. ಅವಳು ಆ ಡಾಕ್ಟರನ್ನು ಬೈದದ್ದು ನಾನು ಕೇಳಿಲ್ಲ. ‘ಊರಿಗೆಲ್ಲ ಸಾರಿದ್ವಿ, ದೃಷ್ಟಿ ತಾಗಿತು’ ಎನ್ನುತ್ತಿದ್ದಳು. ತನ್ನ ಬಾಯನ್ನು ಬೈದುಕೊಳ್ಳುವುದು, ತಾನು ಹಡಗು ಹತ್ತಿದ್ದನ್ನು ನೆನೆಯುವುದಕ್ಕಿಂತ ಸುಲಭವಾಗಿತ್ತೇನೋ. ನಾನು ಹೊಟ್ಟೆಯಲ್ಲಿದ್ದಾಗ ಏಳನೇ ತಿಂಗಳವರೆಗೆ ದೊಗಲೆ ಅಂಗಿ ಹಾಕಿಕೊಂಡು ಓಡಾಡಿದ್ದಳಂತೆ. ನಾನು ಪರೀಕ್ಷೆ ಪಾಸಾದದ್ದನ್ನು ಸರ್ಟಿಫಿಕೇಟ್ ಕೈಗೆ ಬರುವವರೆಗೆ ಪಕ್ಕದ ಮನೆಗೂ ತಿಳಿಸಲಿಲ್ಲ. ನಮ್ಮ ಕೇರಿಯ ಎಷ್ಟೋ ಕಲಾಬ್ರಿಯಾದವರ ಮನೆಗಳಲ್ಲಿ ಹೀಗೆಯೇ. ನಗುವವರು ನಗಲಿ, ಅದರಲ್ಲಿ ಬೆಳೆದವರಿಗೆ ಅದು ಮೂಳೆಗೆ ಇಳಿದಿರುತ್ತದೆ.

ಮನೆಯ ಹಜಾರದಲ್ಲಿ ಒಂದು ಫೋಟೋ ಇತ್ತು. ಅಪ್ಪ, ಅಮ್ಮ, ಸಾವೇರಿಯೊ, ಅಮ್ಮನ ಮಡಿಲಲ್ಲಿ ನಾನು, ಪಕ್ಕದಲ್ಲಿ ನುನ್ಸಿಯಾ. ಅವಳು ಒಂದಾನೊಂದು ಕಾಲದಲ್ಲಿ ನಮ್ಮ ಜೊತೆ ಇದ್ದಳೆಂದೇ ನಾನು ಬಹಳ ವರ್ಷ ನಂಬಿದ್ದೆ. ಕೋಬರ್ಗ್‌ನ ಸಿಡ್ನಿ ರೋಡಿನ ಸ್ಟುಡಿಯೋದವನು ಅವಳು ಅಂಚೆಯಲ್ಲಿ ಕಳಿಸಿದ ಚಿತ್ರ ಕತ್ತರಿಸಿ ಅಂಟಿಸಿದ್ದ. ಆಗ ಎಲ್ಲರೂ ಹಾಗೆ ಮಾಡಿಸುತ್ತಿದ್ದರು, ದೂರ ಉಳಿದವರನ್ನು ಸೇರಿಸಿ ಸಂಸಾರ ತುಂಬಿಸುತ್ತಿದ್ದರು. ಅವಳು ಕಳಿಸಿದ್ದು ಎದೆಯವರೆಗಿನ ಚಿತ್ರ. ಕಾಲನ್ನು ಅವನೇ ಬರೆದ. ಎರಡೂ ಕಾಲು ಒಂದೇ ಸಮ, ಹೊಳೆಯುವ ಶೂ ಬೇರೆ. ಅಮ್ಮ ಅದನ್ನು ಒರೆಸುವಾಗ ಆ ಶೂಗಳ ಮೇಲೆ ಬಟ್ಟೆ ಸ್ವಲ್ಪ ಹೆಚ್ಚು ಹೊತ್ತು ಆಡುತ್ತಿತ್ತು.

ಅಪ್ಪ ಸತ್ತು ಇಪ್ಪತ್ತು ವರ್ಷ, ಅಮ್ಮ ಸತ್ತು ನಾಲ್ಕು. ನನಗೀಗ ಐವತ್ತೆಂಟು. ಮದುವೆಯಾಗಲಿಲ್ಲ, ಅದರ ಬಗ್ಗೆ ದೊಡ್ಡ ಕಥೆಯೇನಿಲ್ಲ. ನನ್ನ ಕೆಲಸ ಆಸ್ಪತ್ರೆಗಳಿಂದ ಬಿಡುಗಡೆಯಾದವರ ಕಡತ ಓದಿ, ಪ್ರತಿ ಕಾಯಿಲೆಗೂ ಅದರ ಸಂಕೇತ ಸಂಖ್ಯೆ ಹಾಕುವುದು. ಮೊಣಕಾಲು ಮುರಿದರೆ ಒಂದು, ಎದೆ ನಿಂತರೆ ಒಂದು. ಹಳೆಯ ಪೋಲಿಯೊದ ಶೇಷಕ್ಕೂ ಒಂದಿದೆ, ಬಿ ತೊಂಬತ್ತೊಂದು. ಮೂವತ್ತು ವರ್ಷದಲ್ಲಿ ಅದನ್ನು ಎಷ್ಟು ಸಲ ಒತ್ತಿದ್ದೇನೋ, ಪ್ರತಿ ಸಲವೂ ನುನ್ಸಿಯಾ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾಳೆ. ಕೋವಿಡ್ ಬಂದಾಗಿನಿಂದ ಕೆಲಸ ಮನೆಯಲ್ಲೇ. ಕಂಪ್ಯೂಟರ್ ಎಲ್ಲಿದೆಯೋ ಅಲ್ಲೇ ಕಚೇರಿ.

ಕಳೆದ ಸಲ ಮೂರು ವಾರಕ್ಕೆಂದು ಹೋಗಿದ್ದಾಗ ನುನ್ಸಿಯಾ ಮೆಟ್ಟಿಲ ಮೇಲೆ ಕೂತು ಕೂತು ಹತ್ತುತ್ತಿದ್ದಳು. ಎಪ್ಪತ್ತೆರಡಕ್ಕೆ ಒಳ್ಳೆಯ ಕಾಲೂ ಕೈಕೊಟ್ಟಿತ್ತು. ವಾಪಸು ಬರುವಾಗ ವಿಮಾನದಲ್ಲಿ ತೀರ್ಮಾನ ಮಾಡಿದೆ: ಬಂದು ಹೋಗುವುದಲ್ಲ, ಬಂದು ಇರುವುದು. ಪ್ರವಾಸಿಗಳಿಗೆ ತೊಂಬತ್ತು ದಿನಕ್ಕಿಂತ ಹೆಚ್ಚು ಬಿಡುವುದಿಲ್ಲ. ಆದರೆ ದೂರದಿಂದ ಕೆಲಸ ಮಾಡುವವರಿಗೆಂದೇ ಇಟಲಿ ಈಚೆಗೆ ಒಂದು ವೀಸಾ ಕೊಡುತ್ತಿತ್ತು. ಸಂಬಳ ನಿಮ್ಮ ದೇಶದ್ದು, ವಾಸ ನಮ್ಮ ದೇಶದಲ್ಲಿ, ವರ್ಷಕ್ಕೊಮ್ಮೆ ಮುಂದುವರಿಸಿಕೊಳ್ಳಿ, ಅಷ್ಟೆ. ಕಡಲತೀರದಲ್ಲಿ ಕೂತು ಕಾಫಿ ಕುಡಿಯುವ ಮೂವತ್ತರ ಹುಡುಗರಿಗಾಗಿ ಮಾಡಿದ್ದು. ನನಗಾದರೇನು, ಬಾಗಿಲು ಬಾಗಿಲೇ.

ಡಿಸೆಂಬರಿನಲ್ಲಿ ಇಟಲಿಯ ಕಾನ್ಸುಲೇಟಿನಲ್ಲಿ ನನ್ನ ಸರದಿ ಬಂತು. ಗಾಜಿನ ಆಚೆ ಕೂತ ಹುಡುಗ ಮರ್ಯಾದಸ್ಥ. ನನ್ನ ಇಟಾಲಿಯನ್ ಕೇಳಿ ಅವನ ಮೀಸೆಯಡಿ ನಗು ಸುಳಿಯಿತು. ನನ್ನದು ಅಮ್ಮನ ಹಳ್ಳಿಯ ಭಾಷೆ, ಅದೂ 1961ರದ್ದು. ಅಲ್ಲಿಯ ಮುದುಕಿಯರೂ ಈಗ ಹಾಗೆ ಮಾತಾಡುವುದಿಲ್ಲ.

“ಸಿನ್ಯೋರಾ ತ್ರಿಪೋಡಿ, ನಿಮ್ಮ ತಂದೆ ತಾಯಿ ಇಬ್ರೂ ಕಲಾಬ್ರಿಯಾದವರು. ಈ ವೀಸಾ ಯಾಕೆ? ವಂಶದ ಮೇಲೆ ಪೌರತ್ವನೇ ಕೇಳ್ಬಹುದಿತ್ತಲ್ಲ?”

“ಕೇಳಿ ಆಯ್ತಪ್ಪ. ನಾನು ಹುಟ್ಟೋ ಹಿಂದಿನ ವರ್ಷ ಇಬ್ರೂ ಇಲ್ಲಿನ ಪ್ರಜೆಗಳಾದ್ರು. ಹಾಗಾಗಿ ನಾನು ನಿಮ್ಮವಳಲ್ಲ.”

“ಅಯ್ಯೋ. ಒಂದು ವರ್ಷ ತಡೆದಿದ್ರೆ...”

“ಮಗಳೊಬ್ಬಳು ಅಲ್ಲೇ ಉಳಿದಿದ್ಲು. ಪ್ರಜೆಯಾದ್ರೆ ಕರೆಸ್ಕೊಳ್ಳೋದು ಸುಲಭ ಅಂತ ಯಾರೋ ಅಂದ್ರಂತೆ.”

“ಕರೆಸ್ಕೊಂಡ್ರಾ?”

“ಇಲ್ಲ. ಎರಡನೇ ಸಲನೂ ಕಾಲು ನೋಡಿ ಬೇಡ ಅಂದ್ರು.”

ಅವನು ಕಾಗದಗಳನ್ನು ಒಂದೊಂದಾಗಿ ತಿರುವಿದ. ಕಂಪನಿಯ ಪತ್ರ ಸರಿ, ಆರೋಗ್ಯ ವಿಮೆ ಸರಿ, ಪೊಲೀಸರ ಪತ್ರ ಸರಿ. ವಾಸದ ಪುರಾವೆ ಒಂದು ಬಾಕಿ.

“ಅಕ್ಕನ ಮನೆ ಇದೆ ಅಂದ್ರಲ್ಲ, ಸುಲಭ ಆಯ್ತು. ‘ನನ್ನ ಮನೇಲಿ ಇಟ್ಕೋತೀನಿ’ ಅಂತ ಅವ್ರ ಒಂದು ಸಹಿ ಸಾಕು. ಇದೇ ನೋಡಿ ಫಾರಂ.”

ಆ ಫಾರಂ ಕೈಯಲ್ಲಿ ಹಿಡಿದುಕೊಂಡು ಟ್ರಾಮಿನಲ್ಲಿ ಮನೆಗೆ ಬಂದೆ. ಒಂದೇ ಹಾಳೆ. ಅದನ್ನು ಅವಳಿಗೆ ಕಳಿಸಿದರೆ ಅವಳಿಗೆ ಎಲ್ಲ ಗೊತ್ತಾಗುತ್ತದೆ. ಕಾಯಲು ಶುರುಮಾಡುತ್ತಾಳೆ, ಮಂಚ ಸರಿಸುತ್ತಾಳೆ, ಹಾಸಿಗೆಯ ಉಣ್ಣೆ ಬಿಸಿಲಿಗೆ ಹಾಕುತ್ತಾಳೆ, ಊರಿಗೆಲ್ಲ ಸಾರುತ್ತಾಳೆ. ಆಮೇಲೆ ಯಾವನೋ ಅಧಿಕಾರಿ ಇಲ್ಲ ಎಂದುಬಿಟ್ಟರೆ? ಎಂಟನೇ ವಯಸ್ಸಿನಲ್ಲಿ ಒಮ್ಮೆ, ಹದಿನಾಲ್ಕರಲ್ಲಿ ಒಮ್ಮೆ. ಮೂರನೆಯ ಸಲ ಆ ಮಾತನ್ನು ಅವಳಿಗೆ ಹೇಳುವವಳು ನಾನಾಗಬಾರದು. ಫಾರಂ ಅನ್ನು ಅಡಿಗೆಮನೆಯ ಡ್ರಾಯರಿಗೆ ಹಾಕಿದೆ. ಹಳ್ಳಿಯಲ್ಲಿ ಬಾಡಿಗೆಗೆ ಹಿಡಿದರೆ ಸಂಜೆಯೊಳಗೆ ಸುದ್ದಿಯಾಗುತ್ತದೆಂದು, ಬೆಟ್ಟದ ಕೆಳಗಿನ ಕಡಲ ಊರಿನಲ್ಲಿ ಎರಡು ಕೋಣೆಯ ಮನೆ ಗೊತ್ತುಮಾಡಿ, ಆ ಕರಾರುಪತ್ರ ಕೊಟ್ಟೆ. ಎಂಥ ಜಾಣತನ ಎಂದು ಆಗ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಪ್ರತಿ ಭಾನುವಾರ ಸಂಜೆ ಅವಳಿಗೆ ಫೋನು ಮಾಡುತ್ತಿದ್ದೆ, ಅಲ್ಲಿ ಬೆಳಗಾಗಿರುತ್ತಿತ್ತು. ಜನವರಿಯಲ್ಲಿ ಒಂದು ಭಾನುವಾರ ಅವಳ ದನಿ ಕುಗ್ಗಿತ್ತು.

“ತೆರೆಸೀನಾ ಹೋಗ್ಬುಟ್ಳು ಕಣಮ್ಮಿ.”

ತೆರೆಸೀನಾ ಪಕ್ಕದ ಮನೆಯವಳು. ಕೆಳಗಿನ ಬೀದಿಯಿಂದ ಬ್ರೆಡ್ಡು ತಂದುಕೊಡುವುದು, ಒಲೆಗೆ ಸೌದೆ ಎತ್ತಿಕೊಡುವುದು ಎಲ್ಲ ಅವಳೇ.

“ಯಾವಾಗ?”

“ಮೊನ್ನೆ. ಮಲಗಿದ್ದೋಳು ಏಳ್ಲಿಲ್ಲ. ಒಳ್ಳೇ ಸಾವು. ಈಗ ನಂಗೆ ಬ್ರೆಡ್ಡು ತರೋರಿಲ್ಲ ಅಂತ ಅಳಕ್ಕೂ ನಾಚ್ಕೆ ಆಗ್ತದೆ.” ಸ್ವಲ್ಪ ತಡೆದು, “ಮಿಮ್ಮಾ, ಈ ವರ್ಸ ಬತ್ತೀಯೇನೆ?” ಎಂದಳು.

ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ.

“ನೋಡೋಣ,” ಎಂದೆ.

ನೋಡೋಣ ಎಂಬುದು ನಮ್ಮ ಅಮ್ಮನ ಮಾತು. ‘ಅವ್ವ, ಯಾವಾಗ ಕರೆಸ್ಕತೀಯಾ?’ ಎಂದು ಅವಳು ಬರೆದ ಪ್ರತಿ ಕಾಗದಕ್ಕೂ ಅಮ್ಮ ಬರೆಸುತ್ತಿದ್ದ ಉತ್ತರ ಅದೇ. ಮೊದಲ ಎಷ್ಟೋ ವರ್ಷ ಅದನ್ನು ನಂಬಿದ್ದಳು. ಆಮೇಲೆ ಅದರ ಅರ್ಥ ‘ಇಲ್ಲ’ ಎಂದು ತಾನೇ ಕಲಿತುಕೊಂಡಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಹೇಳಿದೆ.

ಫೆಬ್ರವರಿಯಲ್ಲಿ ಸಾವೇರಿಯೊನ ಗ್ಯಾರೇಜಿನಲ್ಲಿ ಟೊಮೇಟೊ ದಿನ. ವರ್ಷಕ್ಕಾಗುವಷ್ಟು ಸಾಸು ಮಾಡುವ ಹಬ್ಬ ಅದು. ಇಪ್ಪತ್ತು ಪೆಟ್ಟಿಗೆ ಹಣ್ಣು, ಹಿಂಡುವ ಯಂತ್ರ, ಹಳೆಯ ಬಿಯರ್ ಬಾಟಲಿಗಳು, ಬೆಂಕಿಯ ಮೇಲೆ ದೊಡ್ಡ ಡ್ರಮ್ಮು. ಕಾಂಕ್ರೀಟ್ ಹಾಕಿ ಹಾಕಿ ಸೊಂಟ ಹೋದ ಅಣ್ಣ ಸ್ಟೂಲಿನ ಮೇಲೆ ಕೂತು ಬಾಟಲಿಗೆ ತುಳಸಿ ಎಲೆ ಇಳಿಸುತ್ತಿದ್ದ. ನನ್ನ ಅರ್ಜಿಯ ವಿಷಯ ಗೊತ್ತಿದ್ದವನು ಅವನೊಬ್ಬನೇ.

“ಏನಂತೆ ಇಟಲಿ ಸರ್ಕಾರ? ನಿನ್ನನ್ನೂ ಆ ಗೋಡೆಯಿಂದ ಈ ಗೋಡೆಗೆ ನಡೆಸ್ತಾರಂತಾ?”

“ನಡೆಸ್ಲಿ. ನಡೀತೀನಿ.”

“ನಿನ್ನ ತೂಕಕ್ಕೆ ನೆಲ ತಡ್ಕೋಬೇಕಲ್ಲ.” ನಕ್ಕ. ಆಮೇಲೆ ನಗು ನಿಲ್ಲಿಸಿ, “ನುನ್ಸಿಯಾಗೆ ಹೇಳಿದ್ಯಾ?” ಎಂದ.

“ಮುದ್ರೆ ಬೀಳ್ಲಿ.”

“ಅಮ್ಮನೇ ಹೋಗಾಯ್ತು, ಅವಳ ಕಾನೂನು ಇನ್ನೂ ನಡೀತಿದ್ಯಾ ನಿಮ್ಮನೇಲಿ?”

“ಬರ್ತೀನಿ ಅಂತ ಹೇಳೋದು ಸುಲಭ ಸಾವೇರಿಯೊ. ಆಮೇಲೆ ಇಲ್ಲ ಅಂತ ಹೇಳೋರು ಯಾರು? ನೀನು ಹೇಳ್ತೀಯಾ?”

ಅವನು ಬಾಟಲಿಯ ಬಾಯಿ ಒರೆಸಿದ. ಕೈ ಮೊಣಕೈವರೆಗೆ ಕೆಂಪಾಗಿತ್ತು. “ಆವತ್ತು ಮೊದಲು ನನ್ನನ್ನ ನಡೆಸಿದ್ದು. ನಾನು ಓಡಿದೆ. ಡಾಕ್ಟ್ರು ನಕ್ಕು ತಲೆ ಸವರಿದ. ನಾನು ಅಷ್ಟು ಜೋರಾಗಿ ಓಡದೇ ಇದ್ದಿದ್ರೆ ಅವಳದ್ದು ಅಷ್ಟು ಎದ್ದು ಕಾಣ್ತಿರ್ಲಿಲ್ಲ ಅಂತ ನಂಗೆ ಈಗ್ಲೂ ಅನ್ಸುತ್ತೆ.”

“ನಿಂಗೆ ನಾಲ್ಕು ವರ್ಷ ಕಣೋ.”

“ಇರ್ಲಿ. ಹೇಳ್ಬಿಡು ಮಿಮ್ಮಾ. ಆಸೆ ಪಟ್ಟು ಸಿಗದೇ ಇರೋದು ಅವಳಿಗೆ ಅಭ್ಯಾಸ ಇದೆ. ಯಾರೂ ನನ್ನ ಕಡೆ ಹೊರಟೇ ಇಲ್ಲ ಅನ್ನೋದು ಇದ್ಯಲ್ಲ, ಅದು ಬೇರೆ.”

ನಾನು ಮಾತು ತಿರುಗಿಸಿ ಡ್ರಮ್ಮಿನ ಬೆಂಕಿ ನೋಡಲು ಎದ್ದೆ. ನನ್ನ ಅಣ್ಣ ಶಾಲೆಯಲ್ಲಿ ದಡ್ಡನೆಂದು ಹೆಸರು ತೆಗೆದುಕೊಂಡವನು.

ಮಾರ್ಚಿನ ಮೊದಲ ಭಾನುವಾರ ನುನ್ಸಿಯಾ ಬೇರೆ ಸುದ್ದಿ ತಂದಳು.

“ಮನೆ ಕೊಳ್ತೀವಿ ಅಂತ ನೋಡಕ್ಕೆ ಗಂಡ ಹೆಂಡ್ತಿ ಬಂದಿದ್ರು ಕಣೆ. ಕೆನಡಾದೋರಂತೆ. ಕೆಲಸ ಎಲ್ಲಾ ಕಂಪ್ಯೂಟ್ರಲ್ಲೇ. ಇಲ್ಲೇ ಕೂತ್ಕಂಡು ಅಲ್ಲೀ ಕೆಲಸ ಮಾಡ್ತಾರಂತೆ. ಅದಕ್ಕೂ ಒಂದು ವೀಸಾ ಐತಂತೆ, ಎಂಥಾ ಕಾಲ ಬಂತು ನೋಡು.”

“ನೀನೇನಂದೆ?”

“ಮೇಲಿನ ಕೋಣೆ ತೋರ್ಸು ಅಂದ್ರು, ತೋರ್ಸ್ದೆ. ಕಿಟಕಿ ಮುಂದೆ ನಿಂತ್ಕಂಡು ಆ ಹುಡ್ಗಿ ಸಮುದ್ರ ನೋಡಿ ಕಣ್ಣಲ್ಲಿ ನೀರು ಹಾಕ್ಕಂಡ್ಳು. ಪಾಪ.”

“ಏನೂ ಅವಸರ ಮಾಡ್ಬೇಡ ನುನ್ಸಿಯಾ. ಕೇಳಿಸ್ತಾ? ಸ್ವಲ್ಪ ದಿನ ಯಾವುದಕ್ಕೂ ಸಹಿ ಹಾಕ್ಬೇಡ.”

“ಯಾಕೆ?”

ಇಲ್ಲಿ ಹೇಳಬಹುದಿತ್ತು. ಒಂದು ವಾಕ್ಯ. ಕಿಟಕಿಯ ಆಚೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಿದ್ದ, ಆ ಯಂತ್ರದ ಸದ್ದು ಈಗಲೂ ಕಿವಿಯಲ್ಲಿದೆ.

“ಸುಮ್ನೆ. ನೋಡೋಣ.”

“ಹೂಂ, ನೋಡಾನ,” ಎಂದಳು ಅವಳು. ತುಂಬ ಶಾಂತವಾಗಿ ಹೇಳಿದಳು.

ಈಸ್ಟರಿಗೆ ಎರಡು ವಾರ ಇರುವಾಗ ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ಲಕೋಟೆಯನ್ನು ಬಾಗಿಲಲ್ಲೇ ನಿಂತು ಹರಿದೆ. ಒಳಗಿನ ಪುಟಕ್ಕೆ ಹಸಿರು ಚೀಟಿ ಅಂಟಿಸಿದ್ದರು: ನನ್ನ ಫೋಟೋ, ನನ್ನ ಮನೆತನದ ಹೆಸರು, ಒಂದು ವರ್ಷ. ಅಮ್ಮನ ಫೋಟೋದ ಮುಂದೆ ಪುಟ ತೆರೆದು ಹಿಡಿದೆ. ‘ನೋಡು, ಯಾರಿಗೂ ಹೇಳ್ಲಿಲ್ಲ, ಸಿಕ್ತು’ ಎಂದೆ. ಇಷ್ಟು ದೊಡ್ಡ ಹೆಂಗಸು ಅಡಿಗೆಮನೆಯಲ್ಲಿ ಕುಣಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಕುಣಿದೆ. ಭಾನುವಾರದವರೆಗೂ ಕಾಯಲಾಗಲಿಲ್ಲ. ಫೋನು ಮಾಡಿದೆ.

ಎತ್ತಿದ್ದು ಯಾರೋ ಹುಡುಗಿ. ಇಂಗ್ಲಿಷಿನಲ್ಲಿ ಹಲೋ ಎಂದಳು. ನುನ್ಸಿಯಾ ಈಗ ಇಲ್ಲಿ ಇಲ್ಲ, ಈ ಸೋಮವಾರ ಹೋದರು, ಕೆಳಗಿನ ಊರಿನ ಸಿಸ್ಟರುಗಳ ವೃದ್ಧಾಶ್ರಮಕ್ಕೆ, ತುಂಬ ಒಳ್ಳೆಯವರು, ನಮಗೆ ಅಂಜೂರದ ಮರ ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಟ್ಟು ಹೋದರು ಎಂದಳು. ಆಶ್ರಮದ ನಂಬರನ್ನೂ ಕೊಟ್ಟಳು. ಅವಳ ಮೇಲೆ ಕೂಗಾಡಬೇಕೆನಿಸಿತು. ಅವಳದೇನು ತಪ್ಪು? ನನ್ನ ಕೈಯಲ್ಲಿದ್ದಂಥ ಚೀಟಿಯೇ ಅವಳ ಕೈಯಲ್ಲೂ ಇತ್ತು.

ಆಶ್ರಮದಲ್ಲಿ ನುನ್ಸಿಯಾಳನ್ನು ಫೋನಿನ ಬಳಿಗೆ ಕರೆತರಲು ಬಹಳ ಹೊತ್ತು ಹಿಡಿಯಿತು.

“ಸಹಿ ಹಾಕ್ಬೇಡ ಅಂದಿದ್ನಲ್ಲೇ!” ಎಂದೆ. ಸಂತೋಷದ ಸುದ್ದಿ ಹೇಳಲು ಹೋದವಳ ಮೊದಲ ಮಾತು ಇದು.

“ಬಯ್ಬೇಡ ಕಣೆ. ಮೆಟ್ಲು ಹತ್ತಕ್ಕೆ ಆಯ್ತಿರ್ಲಿಲ್ಲ. ಒಂದಿನ ಬಿದ್ದೆ, ಮೂರು ಗಂಟೆ ಅಲ್ಲೇ ಬಿದ್ದಿದ್ದೆ. ಕೇಳೋರಿರ್ಲಿಲ್ಲ. ನಿಂಗೆ ಹೇಳಿದ್ರೆ ಅಷ್ಟು ದೂರದಲ್ಲಿ ಕೂತ್ಕಂಡು ಕೊರಗ್ತೀಯಾ ಅಂತ ಹೇಳ್ಲಿಲ್ಲ.”

“ನುನ್ಸಿಯಾ, ನಂಗೆ ವೀಸಾ ಸಿಕ್ಕಿದೆ. ಅಲ್ಲೇ ಬಂದು ಇರೋಕೆ. ನಿನ್ನ ಜೊತೆ. ಡಿಸೆಂಬರಲ್ಲೇ ಅರ್ಜಿ ಹಾಕಿದ್ದೆ.”

“ಡಿಸೆಂಬರಲ್ಲೇ?”

“ಹೂಂ.”

“ಹೇಳ್ಬಾರ್ದಿತ್ತೇನಮ್ಮಿ?” ಎಂದಳು. ಸಿಟ್ಟಿರಲಿಲ್ಲ. “ಕಾಯದು ನಂಗೇನು ಹೊಸಾದಾ? ಕಾಯ್ತಿದ್ದೆ. ಮೂರು ತಿಂಗ್ಳು ಏನು ದೊಡ್ಡದು? ಮೆಟ್ಲ ಮೇಲೇ ಕೂತ್ಕಂಡು ಕಾಯ್ತಿದ್ದೆ.”

ಡ್ರಾಯರು ಎಳೆದೆ. ಆ ಫಾರಂ ಅಲ್ಲೇ ಇತ್ತು, ಚಮಚಗಳ ಕೆಳಗೆ. ಒಂದು ಸಹಿಯ ಜಾಗ ಖಾಲಿ. ನಾನು ಅವಳನ್ನು ನೋವಿನಿಂದ ಕಾಪಾಡಿದೆನೆಂದು ತಿಳಿದಿದ್ದೆ. ಕಾಪಾಡಿಕೊಂಡಿದ್ದು ನನ್ನನ್ನು.

ಕೆಲಸದ ಏರ್ಪಾಡು ಮಾಡಿ, ಮನೆ ಬಾಡಿಗೆಗೆ ಕೊಟ್ಟು ಹೊರಡುವಷ್ಟರಲ್ಲಿ ಐದು ವಾರವಾಯಿತು. ದಿನವೂ ಫೋನು ಮಾಡಿದೆ. ಇಬ್ಬರೂ ಇರಲಿಕ್ಕೆ ಕೆಳಗಿನ ಊರಿನ ಆ ಎರಡು ಕೋಣೆ ಇದ್ದೇ ಇದೆ, ಮೆಟ್ಟಿಲೂ ಇಲ್ಲ ಎಂದು ಹೇಳಿದೆ. ಅವಳು ಹೂಂಗುಟ್ಟುತ್ತಿದ್ದಳು. ದಿನ ಕಳೆದಂತೆ ಮಾತು ಕಡಿಮೆಯಾಯಿತು. ಆ ಮನೆ ಬಿಟ್ಟು ಅವಳು ಎಲ್ಲಿಯೂ ಮಲಗಿದವಳಲ್ಲ, ಮೆಸ್ಸಿನಾದ ಆ ಎರಡು ರಾತ್ರಿ ಬಿಟ್ಟರೆ. ಹೊರಡಲು ಒಂಬತ್ತು ದಿನ ಇರುವಾಗ ಸಿಸ್ಟರ್ ಒಬ್ಬರು ತಾವೇ ಫೋನು ಮಾಡಿದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಆಸ್ಪತ್ರೆಯಿಂದ ಕರೆತಂದಿದ್ದೇವೆ, ಮಾತು ಇದೆ, ಆದರೆ ಹಿಂದು ಮುಂದು ತಿಳಿಯುತ್ತಿಲ್ಲ ಎಂದರು. ಅದಕ್ಕೂ ನನ್ನ ಹತ್ತಿರ ಒಂದು ಸಂಖ್ಯೆ ಇದೆ.

ವಿಮಾನ ನಿಲ್ದಾಣಕ್ಕೆ ಬಿಡಲು ಸಾವೇರಿಯೊ ಬಂದ. ‘ನಾನು ಹೇಳಿರಲಿಲ್ಲವೇ’ ಎನ್ನುತ್ತಾನೆಂದು ಕಾದಿದ್ದೆ. ಅನ್ನಲಿಲ್ಲ. ಒಂದು ಬಾಟಲಿ ಸಾಸನ್ನು ಮೂರು ಟವೆಲಿನಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟ.

ರೋಮಿನಲ್ಲಿ ಗಡಿಯ ಅಧಿಕಾರಿ ಚೀಟಿ ನೋಡಿದ, ಮುಖ ನೋಡಿದ, ಟಪ್ಪೆಂದು ಮುದ್ರೆ ಒತ್ತಿದ. ಅರವತ್ತು ವರ್ಷದ ಭಯವೆಲ್ಲ ಆ ಒಂದು ಸದ್ದಿಗಾಗಿ. ಒಂದು ನಿಮಿಷವೂ ಹಿಡಿಯಲಿಲ್ಲ.

ಮಾರನೆಯ ಬೆಳಿಗ್ಗೆ ಆಶ್ರಮಕ್ಕೆ ಹೋದೆ. ನುನ್ಸಿಯಾ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಎಷ್ಟು ಸಣ್ಣಗಾಗಿದ್ದಳೆಂದರೆ ಮೊದಲು ಕುರ್ಚಿಯೇ ಕಂಡಿತು. ತೊಡೆಯ ಮೇಲೆ ಮಗುವಿನ ಅಳತೆಯ ಬೂದು ಕೋಟು. ಮನೆಯಿಂದ ಅವರು ತಂದದ್ದು ಹೆಚ್ಚೇನಿಲ್ಲ, ಇದನ್ನು ಮಾತ್ರ ಒಗೆಯಲಿಕ್ಕೂ ಕೊಡುವುದಿಲ್ಲ ಎಂದರು ಸಿಸ್ಟರ್. ಅದರ ಅಂಚು ಇನ್ನೂ ನಾಲ್ಕು ಬೆರಳು ಒಳಗೆ ಮಡಚಿಯೇ ಇತ್ತು.

ಅವಳು ನನ್ನನ್ನು ನೋಡಿದಳು. ನನಗೆ ಅಮ್ಮನ ಮೂಗು, ಅಮ್ಮನ ಹಣೆ. ತಲೆ ಬೆಳ್ಳಗಾದ ಮೇಲೆ ಅಮ್ಮನ ಹಾಗೆಯೇ ಗಂಟು ಕಟ್ಟುತ್ತೇನೆ.

“ಅವ್ವಾ, ಬಂದ್ಯಾ?”

ಮಿಮ್ಮಾ ಕಣೆ, ನಾನು ಮಿಮ್ಮಾ ಎನ್ನಲು ಬಾಯಿ ತೆರೆದೆ. ಅವಳ ಮುಖ ಅಷ್ಟು ಅರಳಿತ್ತು. ಸುಳ್ಳು ಹೇಳಿದೆ ಎಂದು ಯಾರಾದರೂ ಬೈಯುವುದಿದ್ದರೆ ಬೈಯಲಿ.

“ಬಂದೆ ಮಗಾ.”

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ನಾನು ಯಾರ್ಗೂ ಹೇಳಿಲ್ಲ ಕಣವ್ವ. ಈ ಸಲ ಒಬ್ಬರ್ಗೂ ಹೇಳಿಲ್ಲ. ದೃಷ್ಟಿ ತಾಗಲ್ಲ.” ಮತ್ತೆ ಕೇಳಿದಳು, “ಡಾಕ್ಟ್ರು ಏನಂದ್ರು? ನಾನು ನೆಟ್ಟಗೆ ನಡುದ್ನಲ್ವಾ?”

“ನೆಟ್ಟಗೆ ನಡೆದೆ. ಪಾಸು ಮಾಡಿದ್ರು.”

“ಸುಳ್ಳು. ಮುದ್ರೆ ತೋರ್ಸು.”

ಚೀಲದಿಂದ ಪಾಸ್‌ಪೋರ್ಟು ತೆಗೆದು ಆ ಪುಟ ಬಿಡಿಸಿ ಅವಳ ತೊಡೆಯ ಮೇಲೆ, ಕೋಟಿನ ಮೇಲೆ ಇಟ್ಟೆ. ಹಸಿರು ಚೀಟಿ, ಪಕ್ಕದಲ್ಲಿ ರೋಮಿನ ಮುದ್ರೆ. ಅವಳ ಬೆರಳು ಮೊದಲು ಮುದ್ರೆಯನ್ನು ಮುಟ್ಟಿತು. ಆಮೇಲೆ ಅಕ್ಷರಗಳ ಮೇಲೆ ಒಂದೊಂದಾಗಿ ಹರಿಯಿತು. ಮೂರನೆಯ ತರಗತಿಯವರೆಗೆ ಓದಿದವಳು.

“ತ್ರಿ, ಪೋ, ಡಿ,” ಎಂದಳು. “ನಮ್ದೇ.”

“ನಮ್ದೇ.”

ಬೆರಳು ಫೋಟೋದ ಮೇಲೆ ನಿಂತಿತು. ಬಗ್ಗಿ ನೋಡಿದಳು. ನನ್ನ ಬಿಳಿ ಕೂದಲು, ಕಣ್ಣಿನ ಕೆಳಗಿನ ಚೀಲಗಳು.

“ಇದು ನಾನಾ?”

“ನೀನೇ.”

“ಇಷ್ಟು ವಯಸ್ಸಾಗೋಯ್ತಾ ನಂಗೆ,” ಎಂದಳು, “ಕಾದು ಕಾದು?”

ನಾನು ಅವಳ ಕುರ್ಚಿಯ ಮುಂದೆ ಮಂಡಿಯೂರಿ, ಮುಖ ಕಾಣದಂತೆ ಅವಳ ಹೆಗಲ ಮೇಲೆ ಕೋಟನ್ನು ಹೊದಿಸಿದೆ. ತೋಳುಗಳು ಎಲ್ಲಿಗೂ ಸಾಲಲಿಲ್ಲ. ಕುತ್ತಿಗೆಯ ಹತ್ತಿರದ ಗುಂಡಿಯೊಂದು ಹೇಗೋ ಹಿಡಿಯಿತು. ಅವಳು ಕೋಟಿನ ಕತ್ತುಪಟ್ಟಿಯನ್ನು ಸರಿಮಾಡಿಕೊಂಡಳು.

“ಹಡಗು ಯಾವತ್ತು?”

ನೋಡೋಣ ಎನ್ನಲಿಲ್ಲ. “ಇವತ್ತೇ,” ಎಂದೆ.

“ಹಂಗಾರೆ ಈಗ ಎಲ್ಲಾರ್ಗೂ ಹೇಳ್ಬೋದಾ ಅವ್ವ? ಮುದ್ರೆ ಬಿತ್ತಲ್ಲ?”

“ಹೇಳು. ಎಲ್ಲರಿಗೂ ಹೇಳು.”

ಮೊದಲು ಸಿಸ್ಟರಿಗೆ ಹೇಳಿದಳು. ಆಮೇಲೆ ಪಕ್ಕದ ಹಾಸಿಗೆಯಲ್ಲಿದ್ದ ಕಿವುಡಿಗೆ ಕೂಗಿ ಹೇಳಿದಳು. ನೆಲ ಒರೆಸಲು ಬಂದ ಹೆಂಗಸನ್ನು ಕೈಹಿಡಿದು ನಿಲ್ಲಿಸಿಕೊಂಡು, ನನ್ನ ಪಾಸ್‌ಪೋರ್ಟನ್ನು ತೆರೆದು ತೋರಿಸುತ್ತ, “ನಾನು ಆಸ್ಟ್ರೇಲಿಯಾಕ್ಕೆ ಹೋಯ್ತಾ ಇವ್ನಿ ಕಣಮ್ಮ. ನಮ್ಮವ್ವ ಕರ್ಕಂಡು ಹೋಗಕ್ಕೆ ಬಂದವ್ಳೆ,” ಎಂದಳು.